ಬಾರ್ತೊನ್ ತಾತ ಮಾಡಿದ ಇನ್ನೊಂದು ದಾರಿ

"ಹಿಂದಕ್ಕೆ ಸರಿ, ಇನ್ನೂ ಹಿಂದಕ್ಕೆ! ಸೀಟಿನ ಹಿಂದೆ ಬಾ!" ಕೆಳಗಿನಿಂದ ರಾದ್ಕಾ ಕೋಚ್ ಕೂಗಿದರು.

ವೆಂದುಲಾ ಮೈಯನ್ನು ಹಿಂದಕ್ಕೆ ಎಳೆದುಕೊಂಡು, ಸೈಕಲ್ಲಿನ ಮುಂಚಕ್ರವನ್ನು ಬಂಡೆಯ ಅಂಚಿನಿಂದ ಕೆಳಕ್ಕೆ ಬಿಟ್ಟಳು. ಧಡ್. ಮತ್ತೊಂದು ಬಂಡೆ. ಧಡ್. ಹಲ್ಲು ಕಟಕಟ ಎಂದವು, ಆದರೆ ಕಾಲು ಪೆಡಲ್ ಬಿಡಲಿಲ್ಲ. ಕೊನೆಯ ಬಂಡೆ ದಾಟಿ ಮರದ ಬೇರುಗಳ ಮೇಲೆ ಇಳಿದಾಗ ಅವಳಿಗೆ ತಾನಾಗಿ ನಗು ಬಂತು.

ಈ ಇಳಿಜಾರಿನ ಹೆಸರು ಕರಡಿ ಮೆಟ್ಟಿಲು. ಆ ಬೆಟ್ಟಸೀಮೆಯಲ್ಲಿ ಇಂಥದು ಇನ್ನೊಂದಿರಲಿಲ್ಲ. ಬರುವ ಭಾನುವಾರ ಮಕ್ಕಳ ಬೆಟ್ಟದ ಸೈಕಲ್ ಚಾಂಪಿಯನ್‌ಶಿಪ್ ಇಲ್ಲಿಯೇ ನಡೆಯುವುದಿತ್ತು.

ಮೇಲೆ ಅವಳ ಚಿಕ್ಕಪ್ಪನ ಮಗ ತೋನಿಕ್ ಇನ್ನೂ ನಿಂತೇ ಇದ್ದ.

"ಬಾರೋ ತೋನಿಕ್! ಆಗ್ದಿದ್ರೆ ಅಜ್ಜಿ ದಾರಿ ಹಿಡಿ!"

ಬಂಡೆಗಳ ಪಕ್ಕದಲ್ಲಿ ಕಾಡಿನೊಳಗೆ ಸುತ್ತಿ ಇಳಿಯುವ ಇನ್ನೊಂದು ಹಾದಿಯಿತ್ತು. ಬಂಡೆಗೆ ಹೆದರುವವರು ಅಲ್ಲಿಂದ ಇಳಿಯಬಹುದಾಗಿತ್ತು. ಸುತ್ತು ಹೆಚ್ಚು, ಬೀಳುವ ಭಯ ಕಡಿಮೆ. ಮಕ್ಕಳು ಅದಕ್ಕೆ ಅಜ್ಜಿ ದಾರಿ ಎಂದು ಹೆಸರಿಟ್ಟಿದ್ದರು. ಅವರ ಸೈಕಲ್ ಕ್ಲಬ್ಬಿನಲ್ಲಿ ಅದಕ್ಕಿಂತ ದೊಡ್ಡ ಬೈಗುಳ ಇರಲಿಲ್ಲ.

"ಅಲ್ಲಿ ಮುಳ್ಳು ಬೆಳೆದಿದೆ. ಹೋಗಕ್ಕಾಗಲ್ಲ," ಎಂದು ತೋನಿಕ್ ಗೊಣಗಿದ.

ಆಗ ಗಂಟೆ ಕೇಳಿಸಿತು.

ಅದು ಚರ್ಚಿನ ದೊಡ್ಡ ಗಂಟೆಯಲ್ಲ, ಸಣ್ಣದು. ಅದನ್ನು ಹಬ್ಬಕ್ಕೆ ಬಾರಿಸುವುದಿಲ್ಲ, ಪೂಜೆಗೂ ಬಾರಿಸುವುದಿಲ್ಲ. ಊರಿನಲ್ಲಿ ಯಾರಾದರೂ ತೀರಿಕೊಂಡರೆ ಮಾತ್ರ ಬಾರಿಸುತ್ತಾರೆ. ಮಕ್ಕಳು ಹೆಲ್ಮೆಟ್ ತೆಗೆದರು. ರಾದ್ಕಾ ಕೋಚ್ ಶಿಲುಬೆಯ ಗುರುತು ಹಾಕಿಕೊಂಡರು.

ಯಾರಿರಬಹುದು? ವೆಂದುಲಾಳಿಗೆ ತನ್ನ ಅಜ್ಜಿಯ ಕೆಮ್ಮು ನೆನಪಾಯಿತು. ಒಂದೇ ಉಸಿರಿಗೆ ಸೈಕಲ್ ತುಳಿದುಕೊಂಡು ಊರಿಗೆ ಬಂದಳು. ಅಜ್ಜಿ ಅಂಗಡಿಯ ಮುಂದೆ ಕೈಚೀಲ ಹಿಡಿದು ನಿಂತಿದ್ದರು. ವೆಂದುಲಾ ಓಡಿ ಹೋಗಿ ತಬ್ಬಿಕೊಂಡಳು.

"ನಾನಿನ್ನೂ ಇದೀನಿ ಕಣೇ," ಎಂದರು ಅಜ್ಜಿ. ಅವರ ಕಣ್ಣು ಒದ್ದೆಯಾಗಿತ್ತು. "ಬಾರ್ತೊನ್ ಹೋಗ್ಬಿಟ್ರು."

ಊರಿನ ಮಕ್ಕಳೆಲ್ಲರ ಬಾರ್ತೊನ್ ತಾತ! ಕಾಡಿನ ಕೆಲಸದಿಂದ ನಿವೃತ್ತರಾದ ಮೇಲೆ ಹಾರೆಯೊಂದನ್ನೇ ಹಿಡಿದು ಕರಡಿ ಮೆಟ್ಟಿಲಿನ ಒಂದೊಂದು ಬಂಡೆಯನ್ನೂ ಕೂರಿಸಿದವರು ಅವರು. ಬೇಸಿಗೆಯೆಲ್ಲ ಆಸ್ಪತ್ರೆಯಲ್ಲಿದ್ದು ಹೋದ ವಾರವಷ್ಟೇ ಮನೆಗೆ ಬಂದಿದ್ದರು. ಆ ದಿನ ಮಧ್ಯಾಹ್ನ, ಮಕ್ಕಳು ಪ್ರಾಕ್ಟೀಸಿಗೆ ಬರುವ ಮೊದಲೇ, ಮರ ಕಡಿಯುವವರು ಅವರನ್ನು ಬಂಡೆಗಳ ಬುಡದಲ್ಲಿ, ಕಲ್ಲಿನ ಶಿಲುಬೆಗೆ ಒರಗಿ ಕುಳಿತಂತೆ ಕಂಡರಂತೆ. ಹೃದಯ ನಿಂತುಹೋಗಿತ್ತು ಎಂದರು ಡಾಕ್ಟರು.

ಮರುದಿನ ಅಂಗಡಿಯ ಪಕ್ಕದ ಸೂಚನೆಗಳ ಗಾಜಿನ ಪೆಟ್ಟಿಗೆಯಲ್ಲಿ ತಾತ ತೀರಿಕೊಂಡ ಸುದ್ದಿಯ ಕಪ್ಪು ಅಂಚಿನ ಕಾಗದ ಬಂತು. ಅದರ ಮುಂದೆ ನಿಂತವರೆಲ್ಲ ಒಂದೇ ಮಾತಾಡಿದರು.

"ಆ ಬಂಡೆಗಳೇ ಅವರನ್ನ ತಿಂದ್ವು. ಆಸ್ಪತ್ರೆಯಿಂದ ಬಂದೋರು ಮತ್ತೆ ಕಲ್ಲು ಎತ್ತಕ್ಕೆ ಹೋಗಿರ್ತಾರೆ."

"ನಮ್ಮ ಹುಡುಗನ್ನ ನಾನಂತೂ ಅಲ್ಲಿಂದ ಇಳಿಯಕ್ಕೆ ಬಿಡಲ್ಲಪ್ಪ."

ವೆಂದುಲಾಳಿಗೆ ಸಿಟ್ಟು ಬಂತು. ತಾತ ಕಟ್ಟಿದ್ದನ್ನು ಬೈಯುವುದಕ್ಕೆ ಇವರು ಯಾರು?

ಸಂಜೆ ಪ್ರಾಕ್ಟೀಸಿಗೆ ಹೋದಾಗ ಕರಡಿ ಮೆಟ್ಟಿಲಿನ ಹತ್ತಿರ ಜಲ್ಲಿ ತುಂಬಿದ ಟ್ರಾಕ್ಟರ್ ನಿಂತಿತ್ತು. ಪಕ್ಕದಲ್ಲಿ ರಾದ್ಕಾ ಕೋಚ್ ಜೊತೆ ಒಬ್ಬ ಎತ್ತರದ ಮನುಷ್ಯ ಮಾತಾಡುತ್ತಿದ್ದರು. ಪಟ್ಟಣದಿಂದ ಬಂದಿದ್ದ ಅವರ ಹೆಸರು ದೊಹ್ನಾಲ್, ಭಾನುವಾರದ ರೇಸಿಗೆ ಮುಖ್ಯ ತೀರ್ಪುಗಾರರು.

"ಜಲ್ಲಿ ಯಾಕೆ?" ವೆಂದುಲಾ ಕೇಳಿದಳು.

"ಬಂಡೆಗಳ ಮಧ್ಯೆ ತುಂಬಿಸ್ತೀವಿ. ಇಳಿಜಾರು ನುಣ್ಣಗಾಗುತ್ತೆ," ಎಂದರು ದೊಹ್ನಾಲ್.

"ನುಣ್ಣಗೆ ಬೇಕಿದ್ರೆ ಪೋಸ್ಟ್ ಆಫೀಸ್ ಮುಂದೆ ರೇಸ್ ಇಡಿ! ಅಲ್ಲಿ ಡಾಂಬರು ಇದೆ!"

"ವೆಂದುಲಾ!" ರಾದ್ಕಾ ಕೋಚ್ ಗದರಿಸಿದರು.

"ಇರಲಿ, ಮಾತಾಡಲಿ," ಎಂದರು ದೊಹ್ನಾಲ್.

ಮಾತಾಡು ಎಂದಮೇಲೆ ವೆಂದುಲಾ ಸುಮ್ಮನಿರುವವಳೇ? "ಇದು ಬೆಟ್ಟದ ಸೈಕಲ್ಲು ಸರ್. ಬೆಟ್ಟದಲ್ಲಿ ಕಲ್ಲಿರುತ್ತೆ, ಬೇರಿರುತ್ತೆ. ಕಾಲಲ್ಲಿ ಶಕ್ತಿ ಇರೋರು ಹತ್ತೋದ್ರಲ್ಲಿ ಗೆಲ್ತಾರೆ. ಸೈಕಲ್ ಬಿಡಕ್ಕೆ ಗೊತ್ತಿರೋರು ಇಳಿಯೋದ್ರಲ್ಲಿ ಗೆಲ್ಬೇಕು. ಕಲ್ಲು ಮುಚ್ಚಿದ್ರೆ ಕಲಿತೋರಿಗೂ ಕಲೀದೇ ಇರೋರಿಗೂ ಏನು ವ್ಯತ್ಯಾಸ? ತಾತನ್ನ ಇನ್ನೂ ಮಣ್ಣಿಗೇ ಇಟ್ಟಿಲ್ಲ, ಆಗಲೇ ಅವರು ಕಟ್ಟಿದ್ದನ್ನ ಮುಚ್ತಿದ್ದೀರ!"

ದೊಹ್ನಾಲ್ ಒಂದು ಬಂಡೆಯನ್ನು ಕಾಲಿನಿಂದ ತಳ್ಳಿ ನೋಡಿದರು.

"ಕೆಲಸ ಚೆನ್ನಾಗಿದೆ. ಒಂದು ಕಲ್ಲೂ ಅಲುಗಲ್ಲ. ಆದರೆ ಭಾನುವಾರ ಎಂಟು ವರ್ಷದ ಮಕ್ಕಳೂ ಬರ್ತಾರಮ್ಮ. ಹೋದ ವರ್ಷ ಇನ್ನೊಂದು ಕಡೆ ಇಂಥದ್ದೇ ಜಾಗದಲ್ಲಿ ಒಬ್ಬ ಹುಡುಗ ಹೆಗಲ ಮೂಳೆ ಮುರ್ಕೊಂಡ. ಅವರಮ್ಮನ ಮುಂದೆ ನಿಂತೋನು ನಾನು." ಅವರು ರಾದ್ಕಾ ಕೋಚ್ ಕಡೆ ತಿರುಗಿದರು. "ಬೇರೆ ದಾರಿ ಒಂದಿತ್ತಲ್ಲ?"

"ಇತ್ತು. ಬೇಸಿಗೆಯಲ್ಲಿ ನೋಡ್ಕೊಳ್ಳೋರು ಇರಲಿಲ್ಲ. ಮುಳ್ಳು ಬೆಳ್ಕೊಂಡಿದೆ, ಮರವೂ ಬಿದ್ದಿದೆ."

"ಅದು ಯಾರಿಗೆ ಬೇಕು?" ವೆಂದುಲಾ ಬಾಯಿ ಹಾಕಿದಳು. "ಅದು ಹೇಡಿಗಳ ದಾರಿ. ಎಲ್ಲರೂ ಇಲ್ಲಿಂದ ಇಳೀಬಹುದು. ನೋಡಿ ಬೇಕಾದ್ರೆ!"

ಅವಳು ಸೈಕಲ್ ತಳ್ಳಿಕೊಂಡು ಮೇಲೆ ಹೋಗಿ, ಧಡಧಡನೆ ಇಳಿದು ಬಂದು, ದೊಹ್ನಾಲರ ಮುಂದೆಯೇ ಬ್ರೇಕ್ ಹಾಕಿದಳು.

"ನೀನು ಇಳಿದೆ. ಎಲ್ಲರೂ ಅಂದೆಯಲ್ಲ?" ಎಂದರು ಅವರು.

ವೆಂದುಲಾ ಮೇಲೆ ನೋಡಿದಳು. ತೋನಿಕ್ ಅಲ್ಲಿದ್ದ, ಮುಖ ಬಿಳುಚಿತ್ತು. "ತೋನಿಕ್, ಬಾ! ತೋರಿಸು ಇವರಿಗೆ! ತಾತನಿಗೋಸ್ಕರ ಕಣೋ!"

ತೋನಿಕ್ ಬಂದ. ಮೊದಲ ಬಂಡೆ ಇಳಿದ. ಎರಡನೆಯದರ ಅಂಚಿನಲ್ಲಿ ಕೆಳಗೆ ನೋಡಿದ, ಹೆದರಿದ, ಮುಂದಿನ ಬ್ರೇಕನ್ನು ಗಟ್ಟಿಯಾಗಿ ಹಿಡಿದುಬಿಟ್ಟ. ಸೈಕಲ್ ಹಿಂದಿನಿಂದ ಎದ್ದಿತು. ಅವನು ಹ್ಯಾಂಡಲ್ ಮೇಲಿನಿಂದ ಉರುಳಿ ಬಂಡೆಗಳ ನಡುವೆ ಬಿದ್ದ.

ಎಲ್ಲರೂ ಓಡಿದರು. ಮೊಣಕಾಲು ತರಚಿತ್ತು, ತುಟಿ ಒಡೆದಿತ್ತು, ಅಷ್ಟೆ. ಆದರೂ ದೊಹ್ನಾಲ್ ನೇರ ಟ್ರಾಕ್ಟರಿನ ಕಡೆ ನಡೆದರು.

"ನಾಳೆ ಬೆಳಿಗ್ಗೆ ಜಲ್ಲಿ ಹಾಕಪ್ಪ," ಎಂದು ಟ್ರಾಕ್ಟರಿನವನಿಗೆ ಹೇಳಿದರು.

"ನಿನ್ನಿಂದಲೇ ಹೋಯ್ತು!" ವೆಂದುಲಾ ತೋನಿಕ್ ಮೇಲೆ ಕಿರುಚಿದಳು. "ಒಂದು ಸಲ, ಒಂದೇ ಒಂದು ಸಲ ಇಳಿಯಕ್ಕೆ ಆಗ್ಲಿಲ್ವಾ ನಿನಗೆ?"

ತೋನಿಕ್ ತುಟಿಯ ರಕ್ತ ಒರೆಸಿಕೊಂಡ. ಎದ್ದು, ಕುಂಟುತ್ತ ಕಾಡಿನ ತಿರುವಿನ ಆಚೆಗೆ ಹೊರಟುಹೋದ.

"ಹೋಗಿ ಅವನನ್ನ ಕರ್ಕೊಂಡು ಬಾ," ಎಂದರು ರಾದ್ಕಾ ಕೋಚ್. ಅವರ ದನಿ ಎಂದಿನಂತಿರಲಿಲ್ಲ. "ನೀನೇ ಹೋಗು."

ವೆಂದುಲಾ ಕಾಲು ಅಪ್ಪಳಿಸುತ್ತ ಹೋದಳು. ತಿರುವಿನ ಆಚೆ, ಎರಡು ದಾರಿಗಳೂ ಕೂಡುವ ಕಡೆ, ಒಂದು ಸ್ಪ್ರೂಸ್ ಮರ ಅಡ್ಡ ಬಿದ್ದಿತ್ತು. ಅದರ ಹಿಂದಿನಿಂದ ತೋನಿಕ್ ಕರೆದ.

"ವೆಂದುಲಾ, ಇಲ್ಲಿ ಬಾ."

"ಅಳೋದಾದ್ರೆ ಮನೇಲಿ ಅಳು. ನಡಿ."

"ಅಳ್ತಿಲ್ಲ. ಇಲ್ಲಿ ನೋಡು."

ಅವಳು ಮರ ದಾಟಿ ಆಚೆ ಹೋದಳು. ಅಲ್ಲಿ ಮುಳ್ಳಿರಲಿಲ್ಲ. ನಾಲ್ಕು ಹೆಜ್ಜೆ ಅಗಲಕ್ಕೆ ನೆಲ ಚೊಕ್ಕವಾಗಿತ್ತು. ಕಡಿದ ಮುಳ್ಳುಗಳನ್ನು ಒಂದೇ ಪಕ್ಕಕ್ಕೆ, ಬುಡವೆಲ್ಲ ಒಂದೇ ಕಡೆ ಬರುವಂತೆ ಜೋಡಿಸಲಾಗಿತ್ತು. ಆ ಊರಿನಲ್ಲಿ ಹಾಗೆ ಜೋಡಿಸುವವರು ಒಬ್ಬರೇ ಇದ್ದರು. ಮೇಲಿನ ತಿರುವಿನಲ್ಲಿ ಹೊಸ ಮಣ್ಣು ಹಾಕಿ, ಸಣ್ಣ ಚಕ್ರ ಜಾರದಂತೆ ಹೊರ ಅಂಚನ್ನು ಎತ್ತರಿಸಿ, ಸಲಿಕೆಯ ಬೆನ್ನಿನಿಂದ ತಟ್ಟಲಾಗಿತ್ತು. ಅದರಾಚೆ ಮತ್ತೆ ಮುಳ್ಳಿನ ಗೋಡೆ.

ಗೋಡೆಯ ಮುಂದೆ ಒಂದು ಕೊಂಬೆಗೆ ತಾತನ ಹಸಿರು ಕೋಟು ತೂಗುತ್ತಿತ್ತು. ಕೆಳಗೆ ಸಲಿಕೆ ಮತ್ತು ಚಹಾದ ಫ್ಲಾಸ್ಕ್. ಬಿದ್ದ ಇನ್ನೊಂದು ಮರದ ಕಾಂಡದಲ್ಲಿ ಮಚ್ಚು ಅರ್ಧ ಇಳಿದು ನಿಂತಿತ್ತು.

ಊರಿನವರು ಹೇಳಿದ್ದು ಸುಳ್ಳು. ತಾತ ಬಂಡೆ ಎತ್ತಲು ಬಂದವರಲ್ಲ. ಇಲ್ಲಿ ಮುಳ್ಳು ಕಡಿಯುತ್ತಿದ್ದರು. ಎದೆ ನೋಯತೊಡಗಿದಾಗ ಕೆಲಸ ನಿಲ್ಲಿಸಿ ಆ ಶಿಲುಬೆಯವರೆಗೆ ನಡೆದು ಹೋಗಿ ಕುಳಿತಿದ್ದರು.

"ನಂಗೆ ಹೇಳಿದ್ರು," ಎಂದ ತೋನಿಕ್ ಮೆಲ್ಲಗೆ. "ಹೋದ ವಾರ. 'ರೇಸಿಗೆ ಮೊದಲೇ ನಿನಗೆ ದಾರಿ ಬಿಡಿಸ್ಕೊಡ್ತೀನಿ, ಹೆದರ್ಬೇಡ' ಅಂದ್ರು."

"ನಂಗ್ಯಾಕೆ ಹೇಳ್ಲಿಲ್ಲ ನೀನು?"

"ನೀನು ನಗ್ತೀಯಲ್ಲ."

ವೆಂದುಲಾ ಕೋಟನ್ನೇ ನೋಡುತ್ತ ನಿಂತಳು. ಅದರ ಜೇಬಿನಿಂದ ತಾತನ ಕೈಗವಸುಗಳು ಹೊರಗೆ ಇಣುಕುತ್ತಿದ್ದವು. ಆಸ್ಪತ್ರೆಯಿಂದ ಬಂದು, ನೆಟ್ಟಗೆ ನಿಲ್ಲಲೂ ಆಗದವರು ಮೊದಲು ಬಂದದ್ದು ಕರಡಿ ಮೆಟ್ಟಿಲಿಗಲ್ಲ, ಇಲ್ಲಿಗೆ.

ಅವಳು ಮಚ್ಚಿನ ಹಿಡಿ ಹಿಡಿದು ಎಳೆದಳು. ಅದು ಬರಲಿಲ್ಲ.

"ಹಿಡ್ಕೊ," ಎಂದಳು. ಇಬ್ಬರೂ ಸೇರಿ ಎಳೆದಾಗ ಮಚ್ಚು ಕಿರುಗುಟ್ಟುತ್ತ ಹೊರಬಂತು. ಅವಳು ಮೊದಲ ಮುಳ್ಳಿನ ಬಳ್ಳಿಯನ್ನು ಕಡಿದಳು. ತೋನಿಕ್ ಅದನ್ನು ಎಳೆದು ಪಕ್ಕಕ್ಕಿಟ್ಟ.

"ಬುಡ ಆ ಕಡೆ," ಎಂದಳು ವೆಂದುಲಾ.

"ಗೊತ್ತು."

ಹುಡುಕಿಕೊಂಡು ಬಂದ ದೊಡ್ಡವರು ಮರದಾಚೆಗೇ ನಿಂತರು. ರಾದ್ಕಾ ಕೋಚ್ ಕೋಟು ಕಂಡದ್ದೇ ಬಾಯಿಗೆ ಕೈ ಅಡ್ಡ ಹಿಡಿದರು. ವೆಂದುಲಾ ಬೆನ್ನು ತಿರುಗಿಸಿಕೊಂಡೇ ಹೇಳಿದಳು.

"ಜಲ್ಲಿ ಹಾಕಬೇಡಿ ಸರ್. ಶನಿವಾರದವರೆಗೆ ಟೈಮ್ ಕೊಡಿ. ಎರಡು ದಾರಿನೂ ಇರುತ್ತೆ."

"ಹೇಡಿಗಳ ದಾರಿ ಅಂದಿದ್ದೆಯಲ್ಲ?" ಎಂದರು ದೊಹ್ನಾಲ್.

ವೆಂದುಲಾಳ ಕಿವಿ ಕೆಂಪಾಯಿತು. "ಅಂದಿದ್ದೆ," ಎಂದಳು.

ದೊಹ್ನಾಲ್ ಎತ್ತರಿಸಿದ ತಿರುವನ್ನು ಬೂಟಿನ ತುದಿಯಿಂದ ಒತ್ತಿ ನೋಡಿದರು. ಬಗ್ಗಿ ಕೈಯಿಂದಲೂ ಮುಟ್ಟಿದರು. "ಇದು ಪೂರ್ತಿಯಾದ್ರೆ ಆ ಬಂಡೆಗಳ ಒಂದು ತುದೀನೂ ನಾನು ಮುಟ್ಟಲ್ಲ," ಎಂದರು. ಆಮೇಲೆ ಟ್ರಾಕ್ಟರಿನವನನ್ನು ಕೂಗಿ ಕರೆದರು. "ಜಲ್ಲಿ ವಾಪಸ್ ತಗೊಂಡು ಹೋಗಪ್ಪ. ಗರಗಸ ಇದ್ರೆ ತಂದುಕೊಡು."

ಮರುದಿನ ಶಾಲೆ ಬಿಟ್ಟ ಮೇಲೆ ಕ್ಲಬ್ಬಿನ ಮಕ್ಕಳೆಲ್ಲ ಬಂದರು. ಗಾಜಿನ ಪೆಟ್ಟಿಗೆಯ ಮುಂದೆ ಬಂಡೆಗಳನ್ನು ಬೈದಿದ್ದವರೂ ಕುಡುಗೋಲು ಹಿಡಿದು ಬಂದರು. ವೆಂದುಲಾ ಅವರ ಕಡೆ ನೋಡಲಿಲ್ಲ. ಸಿಟ್ಟು ಇನ್ನೂ ಇತ್ತು. ಆದರೆ ಅದು ಯಾರ ಮೇಲೆ ಎಂದು ಕೇಳಿದರೆ ಮೊದಲಿನಷ್ಟು ಬೇಗ ಉತ್ತರ ಸಿಗುತ್ತಿರಲಿಲ್ಲ.

ಅಜ್ಜಿ ಗಸಗಸೆ ತುಂಬಿದ ಬನ್ನುಗಳ ಬುಟ್ಟಿ ಹೊತ್ತು ತಂದರು. "ಇದೇ ಏನೇ ಅಜ್ಜಿ ದಾರಿ? ಯಾವ ಅಜ್ಜಿದು? ನಂದಾ?"

ಮಕ್ಕಳು ಮುಖ ಮುಖ ನೋಡಿಕೊಂಡರು.

"ಅದು ಮೊದಲಿನ ಹೆಸರು ಅಜ್ಜಿ," ಎಂದಳು ವೆಂದುಲಾ. "ಈಗ ಇದು ತಾತನ ದಾರಿ."

"ಅಯ್ಯೋ, ನಂದೂ ಅಂತ ಒಂದು ದಾರಿ ಇತ್ತು, ಅದನ್ನೂ ಕಿತ್ಕೊಂಡ್ರಾ!" ಎಂದರು ಅಜ್ಜಿ. ಬಾರ್ತೊನ್ ಹೋದಮೇಲೆ ಅಲ್ಲಿದ್ದವರು ನಕ್ಕಿದ್ದು ಅದೇ ಮೊದಲು.

ಶನಿವಾರ ಬೆಳಿಗ್ಗೆ ತಾತನನ್ನು ಮಣ್ಣಿಗಿಟ್ಟರು. ಸಣ್ಣ ಗಂಟೆ ಮತ್ತೆ ಮೊಳಗಿತು. ಪಾದ್ರಿಗಳು ಪ್ರಾರ್ಥಿಸುವಾಗ ಮಕ್ಕಳೆಲ್ಲ ಕ್ಲಬ್ಬಿನ ನೀಲಿ ಅಂಗಿಯಲ್ಲಿ ಸಾಲಾಗಿ ನಿಂತಿದ್ದರು.

ಮಧ್ಯಾಹ್ನ ವೆಂದುಲಾ ಮತ್ತು ತೋನಿಕ್ ಸೈಕಲ್ ತೆಗೆದುಕೊಂಡು ಬೆಟ್ಟಕ್ಕೆ ಹೋದರು. ಕರಡಿ ಮೆಟ್ಟಿಲಿನ ನೆತ್ತಿಯಲ್ಲಿ ತೋನಿಕ್ ನಿಂತು, ಅವಳು ಬಂಡೆಗಳ ಕಡೆ ತಿರುಗುತ್ತಾಳೆ ಎಂದು ಕಾದ. ಅವಳು ತಿರುಗಲಿಲ್ಲ.

"ನೀನು ಮುಂದೆ ಹೋಗು," ಎಂದಳು. "ಈ ದಾರಿ ನಂಗೆ ಗೊತ್ತಿಲ್ಲ."

ತೋನಿಕ್ ಮುಂದೆ ಹೋದ, ಅವಳು ಹಿಂದೆ. ಹಾದಿ ಮರಗಳ ನಡುವೆ ನಿಧಾನವಾಗಿ ಸುತ್ತಿ ಸುತ್ತಿ ಇಳಿಯಿತು. ಕಡಿದಾದ ಕಡೆಗಳಲ್ಲಿ ಕಾಲೂರಲು ಒಂದೊಂದು ಚಪ್ಪಟೆ ಕಲ್ಲಿತ್ತು. ಚಿಕ್ಕ ಮಕ್ಕಳ ಕಾಲು ಎಲ್ಲಿಗೆ ಎಟುಕುತ್ತದೋ ಸರಿಯಾಗಿ ಅಲ್ಲಿ. ಹಳೆಯ ಕಲ್ಲುಗಳು, ಪಾಚಿ ಕಟ್ಟಿದ್ದವು. ಎಷ್ಟು ವರ್ಷಗಳ ಹಿಂದೆ ಇಟ್ಟಿದ್ದರೋ! ವೆಂದುಲಾ ಅವುಗಳನ್ನು ಒಂದು ದಿನವೂ ಕಂಡಿರಲಿಲ್ಲ. ಎತ್ತರಿಸಿದ ತಿರುವು ಬಂದಾಗ ತೋನಿಕ್ ಬ್ರೇಕ್ ಹಿಡಿಯಲಿಲ್ಲ. ಚಕ್ರ ಜಾರಲಿಲ್ಲ. ಅವನು "ಹೋಯ್!" ಎಂದು ಕೂಗಿದ.

ಬುಡದಲ್ಲಿ ಕಲ್ಲಿನ ಶಿಲುಬೆಯ ಮುಂದೆ ಯಾರೋ ಕೆಂಪು ಗಾಜಿನ ದೀಪ ಇಟ್ಟು ಹೋಗಿದ್ದರು, ಗಾಳಿಗೆ ಆರಿಹೋಗಿತ್ತು. ತೋನಿಕ್ ಎರಡು ಕೈಗಳನ್ನು ಗಾಳಿಗೆ ಅಡ್ಡ ಹಿಡಿದ. ವೆಂದುಲಾ ಅಜ್ಜಿಯ ಬೆಂಕಿಪೊಟ್ಟಣ ತೆಗೆದು ಕಡ್ಡಿ ಗೀರಿದಳು. ಬತ್ತಿ ಹೊತ್ತಿಕೊಂಡಿತು.

ಇಬ್ಬರೂ ಹೆಲ್ಮೆಟ್ ತೆಗೆದು ಪಕ್ಕಕ್ಕಿಟ್ಟರು. ಪ್ರಾರ್ಥನೆಯ ಮೊದಲ ಸಾಲು ತೋನಿಕ್‌ಗೆ ನೆನಪಾಗಲಿಲ್ಲ. ವೆಂದುಲಾ ನಿಧಾನವಾಗಿ, ಅವನೂ ಜೊತೆಗೆ ಹೇಳಲು ಆಗುವಂತೆ, ಒಂದೊಂದೇ ಮಾತು ಬಿಡಿಸಿ ಹೇಳಿದಳು.

"ಪ್ರಭುವೇ, ಬಾರ್ತೊನ್ ತಾತನಿಗೆ ನಿತ್ಯ ವಿಶ್ರಾಂತಿಯನ್ನು ಕೊಡು. ಆರದ ಬೆಳಕು ಅವರ ಮೇಲೆ ಬೆಳಗಲಿ. ಅವರು ಶಾಂತಿಯಲ್ಲಿ ವಿಶ್ರಮಿಸಲಿ. ಆಮೆನ್."