ಲುಂಬಿನಿ ಕಿತ್ತುಕೊಂಡ ಖಾಲಿ ಜಾಗ

"ಈ ಮೂರು ಡಿಸ್ಕ್ ಖಾಲಿ ಬಿಟ್ಟವರು ಯಾರ್ರೀ?"

ವಾಡಿ ಸಮೀಪದ ಸಿಮೆಂಟ್ ಕಾರ್ಖಾನೆಯ ಕಂಪ್ಯೂಟರ್ ಕೋಣೆಯಲ್ಲಿ ಎಲ್ಲರೂ ಬೆಚ್ಚಿ ತಿರುಗಿದರು. ಕೂಗಿದವಳು ಶಹಾಬಾದಿನ ಲುಂಬಿನಿ. ಅಧಿಕಾರಿಯಾಗಿ ಬಂದ ಮೊದಲ ದಿನವೇ!

"ನಾನ್ರಿ ಮೇಡಂ," ಎಂದ ದಂಡೋತಿಯ ರಾಜರತ್ನ. ಕಾರ್ಖಾನೆಯ ಲೆಕ್ಕವನ್ನೆಲ್ಲ ನಡೆಸುವ ಹಳೆಯ ದೊಡ್ಡ ಕಂಪ್ಯೂಟರನ್ನು, ಮೇನ್‌ಫ್ರೇಮನ್ನು, ಆರು ವರ್ಷದಿಂದ ನೋಡಿಕೊಳ್ಳುತ್ತಿದ್ದವನು. "ಅದು ಪೇಜಿಂಗ್ ಜಾಗಾ. ಖಾಲಿ ಇರಬೇಕ್ರಿ, ಯಾಕಂದ್ರ..."

"ನನಗ ಪಾಠ ಹೇಳಬ್ಯಾಡ್ರಿ! ನೂರಕ್ಕ ಎಪ್ಪತ್ತು ಭಾಗ ಖಾಲಿ! ನಿಮ್ಮಪ್ಪನ ಹೊಲಾ ಏನು, ಬೀಳು ಬಿಡಾಕ?"

ಎಂಟು ಮಂದಿಯ ಎದುರು ಆಡಿದ ಮಾತು. ರಾಜರತ್ನನ ಕಿವಿ ಕೆಂಪಾದವು. ಬಾಯಿ ಮುಚ್ಚಿಕೊಂಡ. ಆ ಸಿಟ್ಟಿನಲ್ಲೂ, 'ಇವನ ಕಣ್ಣು ಎಷ್ಟು ಚೆಂದ...' ಎಂದು ಅವಳಿಗೆ ಅನ್ನಿಸಿತು ನೋಡಿ!

ಯಂತ್ರದ ಮೆಮೊರಿ ತುಂಬಿದಾಗ ಸದ್ಯಕ್ಕೆ ಬೇಡದ್ದನ್ನು ಎತ್ತಿಡಲು ಇರುವ ಜಾಗ ಅದು. ಬೀಗರು ಬಂದಾರೆಂದು ನಾವು ನಾಲ್ಕು ಕೌದಿ ಹೆಚ್ಚಿಗೆ ಮಡಚಿಟ್ಟಿರುವುದಿಲ್ಲವೇ, ಹಾಗೆ. ಈ ಜಾಣೆ ಆ ಮೂರರಲ್ಲಿ ಎರಡು ಡಿಸ್ಕ್ ಕಿತ್ತು ಹಳೆಯ ಕಡತಗಳಿಗೆ ಕೊಟ್ಟುಬಿಟ್ಟಳು.

ತಿಂಗಳು ಕಳೆಯಿತು. ಮಧ್ಯಾಹ್ನ ಊಟಕ್ಕೆ ಕುಳಿತಾಗ ರಾಜರತ್ನ ಮಾತಿಲ್ಲದೆ ತನ್ನ ಪುಂಡಿಪಲ್ಯದ ಡಬ್ಬಿಯನ್ನು ಅವಳ ಕಡೆ ಸರಿಸುತ್ತಿದ್ದ. ಅವಳು ಮಾತಿಲ್ಲದೆ ಉಣ್ಣುತ್ತಿದ್ದಳು. 'ಬೈದದ್ದಕ್ಕೆ ತಪ್ಪಾಯ್ತು ಎನ್ನಬೇಕು... ನಾಳೆ ಅನ್ನೋಣ...' ಎಂದು ದಿನವೂ ಮುಂದೂಡುತ್ತಿದ್ದಳು.

ಮಾರ್ಚಿನ ಒಂದು ಸೋಮವಾರ ಕೆಲಸ ಒಮ್ಮೆಲೇ ನುಗ್ಗಿತು. ಹನ್ನೊಂದು ಗಂಟೆಗೆ ಪೇಜಿಂಗ್ ಜಾಗ ತುಂಬಿ ಯಂತ್ರ ನಿಂತೇಬಿಟ್ಟಿತು! ಅದು ಅಚ್ಚು ಹಾಕಿ ಕೊಡಬೇಕಿದ್ದ ಗೇಟ್ ಪಾಸ್ ಬರಲಿಲ್ಲ. ಲಾರಿಗಳು ರಸ್ತೆಯುದ್ದಕ್ಕೂ ನಿಂತವು.

"ಯಾರು ಜಾಗಾ ಕಮ್ಮಿ ಮಾಡಿದ್ದು?" ಮ್ಯಾನೇಜರ್ ಮಡಿವಾಳಯ್ಯ ಗುಡುಗಿದರು.

ಲುಂಬಿನಿ ತನಗೆ ತಾನೇ ಹೇಳಿಕೊಂಡಳು: ಹೇಳು... ಹೇಳೇ ಹುಡುಗಿ!

"ನಂದೇ ತಪ್ಪುರಿ ಸರ್," ಎಂದ ರಾಜರತ್ನ.

ಲುಂಬಿನಿ ನಿಜ ನುಂಗಿಕೊಂಡು ಪರದೆಯ ಕಡೆ ತಿರುಗಿದಳು.

ಮರುದಿನವೇ ಅವನನ್ನು ಸೇಡಂನಲ್ಲಿ ಲಾರಿ ತೂಗುವ ಕಾಟಾಕ್ಕೆ ಹಾಕಿದರು. 'ನನ್ನ ಮೇಲಿನ ಪ್ರೀತಿಗೆ ಅವನು ತಪ್ಪು ಹೊತ್ತ. ನಾನು? ಥೂ!' ಅವಳಿಗೆ ಕನ್ನಡಿ ನೋಡಲೂ ನಾಚಿಕೆ. ಊಟದ ಹೊತ್ತಿಗೆ ಎದುರಿನ ಖಾಲಿ ಕುರ್ಚಿ ಕಂಡು ತನ್ನ ಡಬ್ಬಿ ಮುಚ್ಚಿಡುತ್ತಿದ್ದಳು.

ಒಂಬತ್ತನೆಯ ದಿನ ಅವಳು ಮಡಿವಾಳಯ್ಯನವರ ಎದುರು ನಿಂತಳು.

"ಆ ಡಿಸ್ಕ್ ಕಿತ್ತಿದಾಕಿ ನಾನ್ರಿ ಸರ್."

"ನಿನ್ನ ನೌಕರಿ ಇನ್ನಾ ಕಾಯಂ ಆಗಿಲ್ಲವ್ವ, ಗೊತ್ತದ ಇಲ್ಲ?"

"ಗೊತ್ತದರಿ. ಎಲ್ಲರ ಮುಂದ ಬೈದೀನಿ, ಎಲ್ಲರ ಮುಂದೇ ಹೇಳ್ತೀನಿ."

ಅದೇ ಎಂಟು ಮಂದಿಯ ಎದುರು ಹೇಳಿದಳು. ಹೇಳಿ ಮುಗಿಸಿ ನೇರ ಸೇಡಂ ಬಸ್ಸು ಹತ್ತಿದಳು.

ಕಾಟಾದ ಬಳಿ ಧೂಳು ಮೆತ್ತಿಕೊಂಡು ಕುಳಿತಿದ್ದ ರಾಜರತ್ನ ಗಾಬರಿಯಿಂದ ಎದ್ದ.

"ತಪ್ಪಾಯ್ತ್ರಿ... ಭಾಳ ತಪ್ಪಾಯ್ತು. ಎಲ್ಲಾ ಹೇಳಿ ಬಂದೀನಿ. ನೀವು ನನ್ನ ಸಲುವಾಗಿ..." ಅವಳಿಗೆ ಅಳು ಬಂತು.

ಅವನು ತಲೆ ತಗ್ಗಿಸಿದ. "ನಿಮ್ಮ ಸಲುವಾಗಿ ಅಲ್ಲರಿ."

"ಮತ್ತ?"

"ಅವತ್ತ ಬಿಡಿಸಿ ಹೇಳಬಹುದಿತ್ತು. ಸಿಟ್ಟಿಲೆ ಸುಮ್ಮನಾದೆ. ಯಂತ್ರ ತುಂಬಿ ನಿಲ್ಲಲಿ, ಈಕಿಗಿ ಬುದ್ಧಿ ಬರ್ತದ ಅಂದ್ಕೊಂಡೆ. ಆಮ್ಯಾಲ ನಿಮ್ಮ ಮ್ಯಾಲ ಮನಸ್ಸಾಯ್ತು... ಜಾಗಾ ಸಾಲಂಗಿಲ್ಲಂತ ದಿನಾ ಹೇಳಬೇಕಂತ ಡಬ್ಬಿ ಸರಸ್ತಿದ್ದೆ. ನಾಚಿಕಿಗಿ ಬಾಯೇ ಬರಲಿಲ್ಲ. ನಂದೇ ತಪ್ಪು ಅಂದಿದ್ದು ಖರೇನೇರಿ."

ಅಯ್ಯೋ, ಇವನಿಗೂ ನಾಚಿಕೆಯೇ! ಅಳುತ್ತಲೇ ಅವಳಿಗೆ ನಗು ಬಂತು.

ಅವನು ಮೆಲ್ಲಗೆ ಡಬ್ಬಿಯನ್ನು ಅವಳ ಕಡೆ ಸರಿಸಿದ.

"ಇನ್ನ ಮ್ಯಾಲ ನಾ ಎಷ್ಟರ ಒದರಲಿ," ಎಂದಳು ಲುಂಬಿನಿ, "ನೀ ಬಾಯಿ ಮುಚ್ಚಬ್ಯಾಡ."

ಮೊದಲ ಸಲ 'ನೀ' ಅಂದಿದ್ದಳು. ಅವನ ಕಿವಿ ಮತ್ತೆ ಕೆಂಪಾದವು.

"ಮುಚ್ಚಂಗಿಲ್ಲ," ಎಂದ. "ಮೊದಲ ನೀ ಉಣ್ಣು."