ವಿಭೂತಿ ಹಚ್ಚಿದ ಜಂತಿ

"ಟಣ್!"

ಬಡಗಿ ಏಕನಾಥ ಕಾಕಾ ಅಟ್ಟದ ಜಂತಿಗೆ ಸುತ್ತಿಗೆಯಿಂದ ತಟ್ಟಿ, ಕಿವಿಗೊಟ್ಟು ಕೇಳಿದರು. ಆಮೇಲೆ ಪಕ್ಕದ ಜಂತಿಗೆ ತಟ್ಟಿದರು. "ಡಬ್."

"ಹಾ ಪಣ ಗೇಲಾ!" ಎಂದರು ಮರಾಠಿಯಲ್ಲಿ. ಇದೂ ಹೋಯಿತು! ಸೀಮೆಸುಣ್ಣದಿಂದ ಅದರ ಮೇಲೆ ದೊಡ್ಡದೊಂದು ಇಂಟು ಮಾರ್ಕ್ ಹಾಕಿದರು.

ಶೈಲಶ್ರೀ ಬೆರಳು ಮಡಚಿ ಎಣಿಸಿದಳು. ಹುಳ ತಿಂದ ಜಂತಿಗಳಲ್ಲಿ ಇದು ಮೂರನೆಯದು.

ಪುಣೆಯ ಹಳೇ ಪೇಟೆಯಲ್ಲಿದ್ದ ಅವರ ಹೆಂಚಿನ ಮನೆಯ ಅಟ್ಟ ಇನ್ನು ಅವಳ ರೂಮಾಗಲಿತ್ತು. ಕೆಳಗೆ ತಮ್ಮ ಕುಶಲ ಅವಳ ನೋಟ್‌ಬುಕ್ ಹರಿದು ದೋಣಿ ಮಾಡುತ್ತಿದ್ದ. ಸ್ಕೂಲ್ ಶುರುವಾಗುವಷ್ಟರಲ್ಲಿ ರೂಮ್ ರೆಡಿ ಎಂದು ಅವಳು ಕ್ಲಾಸಿಗೆಲ್ಲ ಡಂಗುರ ಸಾರಿಬಿಟ್ಟಿದ್ದಳು.

"ಈ ಮೂರಕ್ಕೆ ಪಕ್ಕದಲ್ಲಿ ಹೊಸ ಜಂತಿ ಜೋಡಿಸಿ ಬೋಲ್ಟ್ ಹಾಕುತ್ತೇನೆ" ಎಂದು ಕಾಕಾ ಅಪ್ಪನಿಗೆ ಮರಾಠಿಯಲ್ಲಿ ಹೇಳಿದರು. "ಇನ್ನೊಂದು ಹೋಗಿದ್ದರೆ ಹೆಂಚೆಲ್ಲ ಇಳಿಸಬೇಕಾಗುತ್ತೆ. ಆಗ ಮಳೆಗಾಲ ಮುಗಿದ ಮೇಲೇ ಕೆಲಸ."

ಮೂಲೆಯ ಸಾಲನ್ನು ನಾಳೆ ನೋಡುವುದೆಂದು ಅವರು ಮನೆಗೆ ಹೊರಟರು.

ಶೈಲಶ್ರೀಗೆ ತಡೆಯಲಾಗಲಿಲ್ಲ. ಮೂಲೆಗೆ ಹೋಗಿ ನೋಡಿದಳು. ನೆಲದ ಮೇಲೆ ಮರದ ಹಿಟ್ಟು! ಅಲ್ಲಿ ಛಾವಣಿ ತಗ್ಗು, ಜಂತಿ ಕೈಗೆ ಸಿಗುತ್ತಿತ್ತು. ಅದರಲ್ಲೊಂದು ತೂತು. ಪೆನ್ಸಿಲ್ ತೂರಿಸಿದರೆ ಅರ್ಧ ಒಳಗೇ ಹೋಯಿತು.

ಅವಳು ಕೆಳಗೆ ಓಡಿ, ಅಜ್ಜಿಯ ವಿಭೂತಿ ಗಟ್ಟಿ ತಂದಳು. ನೀರಲ್ಲಿ ಕಲಸಿ ತೂತಿಗೆ ಮೆತ್ತಿದಳು. ಮೇಲೆ ಮೂರು ಬೆರಳಿನಿಂದ ಮೂರು ಎಳೆ ಎಳೆದಳು. ಹಿಟ್ಟನ್ನೂ ಗುಡಿಸಿದಳು.

ಮರುದಿನ ಕಾಕಾ ಅಲ್ಲಿಗೆ ಬಂದು ಸುತ್ತಿಗೆ ಎತ್ತಿದವರು ಹಾಗೇ ಇಳಿಸಿದರು. ವಿಭೂತಿಗೆ ಕೈಮುಗಿದು ಮುಂದಿನ ಜಂತಿಗೆ ಹೋದರು. ಅಜ್ಜಿಯೇ ಪೂಜೆ ಮಾಡಿರಬೇಕು ಎಂದು ಅಪ್ಪ ಅಂದುಕೊಂಡರು. ಶೈಲಶ್ರೀಗೆ ಕುಣಿಯಬೇಕೆನಿಸಿತು.

ಆಗ ಅಜ್ಜಿ ಬಸವಣ್ಣೆವ್ವ ಮೊಣಕಾಲು ಹಿಡಿದುಕೊಂಡು ಮೇಲೆ ಬಂದಳು. ವಿಭೂತಿಯ ಪಕ್ಕ ತನ್ನ ಮೂರು ಬೆರಳಿಟ್ಟು ನೋಡಿ ನಕ್ಕಳು.

"ಯಾರ ಹಚ್ಚಿದ್ರೋ, ಭಾಳ ಛಲೋ ಮಾಡ್ಯಾರ. ಶೈಲೂ, ನನ್ನ ಹಾಸಗಿ ಇದರ ಕೆಳಗೇ ಹಾಕು."

"ನಿನ್ನ ಹಾಸಗಿನಾ? ನಿನ್ನ ಮೊಣಕಾಲು ನೋಯ್ತಾವಲ್ಲ?"

"ನೋಯಲಿ ಬಿಡು. ಹೊಸಾ ರೂಮಿನಾಗ ನೀ ಒಬ್ಬಾಕಿ ಅಂಜಬಾರದು." ಅಜ್ಜಿ ಆ ಜಂತಿಯ ಕೆಳಗೇ ಕುಳಿತು ಕಾಲು ಚಾಚಿದಳು.

ಅವಳ ಬಿಳಿ ಕೂದಲ ಮೇಲೆ ಒಂದಿಷ್ಟು ಮರದ ಹಿಟ್ಟು ಉದುರಿತು.

"ಅಜ್ಜಿ, ಏಳು! ಅಲ್ಲಿ ಕೂಡಬ್ಯಾಡ!" ಶೈಲಶ್ರೀ ಕೈ ಹಿಡಿದು ಎಳೆದಳು. "ಕಾಕಾ, ಇಕಡೇ ಯಾ!"

ಕಾಕಾ ಓಡಿ ಬಂದರು. ಅಪ್ಪನೂ ಬಂದರು.

"ನಾನೇ ಹಚ್ಚಿದ್ದು" ಎಂದಳು ಶೈಲಶ್ರೀ. "ಒಳಗ ತೂತು ಅದ."

ಕಾಕಾ ತಟ್ಟಿದರು. "ಡಬ್." ಉಳಿ ಒತ್ತಿದರೆ ಹಿಡಿಯವರೆಗೂ ಇಳಿಯಿತು. ಅಪ್ಪ ಬೈಯಲು ಬಾಯಿ ತೆರೆದರು. ಅಜ್ಜಿಯ ಕೂದಲ ಮೇಲಿನ ಹಿಟ್ಟು ನೋಡಿ, ಬೈಯದೆ ಅದನ್ನು ಕೈಯಿಂದ ಕೊಡವಿದರು.

ರೂಮಿನ ಕೆಲಸ ಮುಂದಕ್ಕೆ ಹೋಯಿತು. ಸ್ಕೂಲ್ ಶುರುವಾದಾಗ ಎಲ್ಲರೂ ಕೇಳಿದರು. ನಾಚಿಕೆಯಾದರೂ "ದೀಪಾವಳಿಗೆ" ಎಂದಳು. ಕುಶಲ ಇನ್ನಷ್ಟು ದೋಣಿ ಮಾಡಿದ.

ಮಳೆ ನಿಂತ ಮೇಲೆ ಹೊಸ ಜಂತಿಗಳು ಬಂದವು. ಕೊನೆಯ ಬೋಲ್ಟ್ ಬಿಗಿಯಾದ ದಿನ ಅಜ್ಜಿ ವಿಭೂತಿಯ ಬಟ್ಟಲು ತಂದಳು.

"ಈ ಸಲನೂ ನೀನೇ ಹಚ್ಚು. ನಿನ್ನ ಸಣ್ಣ ಬೆರಳಿನ ಗುರ್ತು ನನಗ ಅವತ್ತೇ ಸಿಕ್ಕಿತ್ತು."

ಶೈಲಶ್ರೀ ಬಟ್ಟಲಿಗೆ ಕೈ ಹಾಕಲಿಲ್ಲ. ಮೊದಲು ಕಾಕಾನ ಸುತ್ತಿಗೆ ಕೇಳಿ ಇಸಿದುಕೊಂಡಳು. ಅಜ್ಜಿಯ ಹಾಸಿಗೆ ಬರುವ ಜಾಗದ ಮೇಲಿನ ಜಂತಿಗೆ ತಟ್ಟಿ, ಕಿವಿಗೊಟ್ಟಳು.

"ಟಣ್!"

ಇನ್ನೊಮ್ಮೆ ತಟ್ಟಿದಳು. ಆಮೇಲೆ ಮೂರು ಬೆರಳು ಅದ್ದಿದಳು.