ಮಾಲಿಂಗನ ಜೊತೆ ಓಡುವವನು

ಪ್ರೀತಿ ಎಂದರೆ ಹೂವಿನಿಂದಲೇ ಶುರುವಾಗಬೇಕು ಎನ್ನುವವರು ಬೇರೆ ಕಥೆ ಓದಿಕೊಳ್ಳಲಿ. ಸಿಂಚನಾಳ ಪ್ರೀತಿ ಶುರುವಾದದ್ದು ಮೂರು ಹೊಲಿಗೆಯಿಂದ. ಹೊಲಿಗೆ ಬಿದ್ದದ್ದು ಅವನ ಹಣೆಗೆ. ಹೊಡೆದವಳು ಇವಳು. ಆಯುಧ, ಮೂರು ಡಬ್ಬಿಯ ಟಿಫನ್ ಕ್ಯಾರಿಯರ್.

೨೦೦೩ರ ಒಂದು ಭಾನುವಾರ. ಆಟಿಸಂ ಇರುವವರನ್ನು ತುಮಕೂರಿನ ಒಂದು ಮೈದಾನದಲ್ಲಿ ಕೆಲವು ಹೆತ್ತವರು ಸೇರಿ ವಾರಕ್ಕೊಮ್ಮೆ ಆಡಿಸುತ್ತಿದ್ದರು. ಸಿಂಚನಾಳ ಅಣ್ಣ ಮಹಾಲಿಂಗ, ಮನೆಯವರ ಬಾಯಲ್ಲಿ ಮಾಲಿಂಗ, ಮೂವತ್ತರ ಹತ್ತಿರದವನು. ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ತಾಯಿ ಕರಿಬಸಮ್ಮ ಅಂದು ಅವನನ್ನು ಮೊದಲ ಸಲ ಅಲ್ಲಿಗೆ ಕರೆತಂದಿದ್ದಳು. ಸಿಂಚನಾ ಊಟ ಕಟ್ಟಿಕೊಂಡು ಗುಬ್ಬಿಯಿಂದ ಮುಂದಿನ ಬಸ್ಸಿಗೆ ಬಂದಳು.

ಬಂದವಳಿಗೆ ಕಂಡದ್ದು ಅಣ್ಣನ ಮಣಿಕಟ್ಟಿಗೆ ಬಿಗಿದ ಹಗ್ಗ. ಅದರ ಇನ್ನೊಂದು ತುದಿ ಯಾವನೋ ಗಂಡಸಿನ ಕೈಗೆ ಕಟ್ಟಿತ್ತು. ಇಬ್ಬರೂ ಓಡುತ್ತಿದ್ದರು. ಅಣ್ಣ ಕಿರುಚುತ್ತಿದ್ದ...

ಹಗ್ಗ ಕಂಡರೆ ಅವಳ ರಕ್ತ ಕುದಿಯುತ್ತಿತ್ತು. ಅವಳಿಗೆ ಹನ್ನೆರಡು ವರ್ಷವಾಗಿದ್ದಾಗ, ಗಾಳಿ ಮೆಟ್ಟಿಕೊಂಡಿದೆ ಎಂದು ಅಪ್ಪ ಅವ್ವ ಇದೇ ಅಣ್ಣನನ್ನು ಒಬ್ಬ ಮಂತ್ರವಾದಿಯ ಬಳಿಗೆ ಒಯ್ದಿದ್ದರು. ಅವನು ಕಂಬಕ್ಕೆ ಕಟ್ಟಿ, ಹುಣಸೆ ಬರಲಿನಿಂದ ಬಾಸುಂಡೆ ಏಳುವಂತೆ ಬಾರಿಸಿದ್ದ. ಅಣ್ಣ ಮೂರ್ಛೆ ಹೋದಾಗಲೆಲ್ಲ ಮುಖಕ್ಕೆ ಹಾಕಲು ನೀರಿನ ಚೊಂಬು ಹಿಡಿದು ನಿಂತವಳು ಸಿಂಚನಾ.

ಕ್ಯಾರಿಯರ್ ಬೀಸಿಯೇಬಿಟ್ಟಳು. ರಕ್ತವೂ ಚಿತ್ರಾನ್ನವೂ ಒಟ್ಟಿಗೇ ಅವನ ಮುಖದ ಮೇಲೆ ಇಳಿದವು.

"ಕಟ್ಟಿ ಎಳೀತೀಯೇನೋ? ಕೈ ಮುರಿದಾಕ್ತೀನಿ ನಿಂದು."

ಅವನು ಹಣೆ ಹಿಡಿದುಕೊಂಡು ಕುಸಿದು ಕೂತ. "ನಾನೆಲ್ಲಿ ಎಳೆದೆ ಮೇಡಂ? ಎಳೀತಿದ್ದೋರು ಅವ್ರು. ಅವ್ರ ಸ್ಪೀಡಿಗೆ ನನ್ ಕೈಲಿ ಓಡಕ್ಕೇ ಆಗ್ತಿಲ್ಲ."

ಕರಿಬಸಮ್ಮ ಏದುಸಿರು ಬಿಡುತ್ತ ಬಂದಳು. "ನಿನ್ ಕೈ ಸೇದೋಗ, ಅವ್ರು ಕುಣಿಗಲ್ ಪಿ.ಟಿ. ಮೇಷ್ಟ್ರು ಕಣೇ. ಒಬ್ನೇ ಬಿಟ್ರೆ ರೋಡಿಗೆ ನುಗ್ತಾನೆ ಅಂತ ಕೈಗೆ ಕೈ ಕಟ್ಕೊಂಡು ಓಡ್ತಾವ್ರೆ. ಇವ್ನು ಖುಷಿಗೆ ಕಿರುಚ್ತಾವ್ನೆ, ನೋಡು."

ಸಿಂಚನಾ ತಿರುಗಿ ನೋಡಿದಳು. ಅಣ್ಣ ನಗುತ್ತಿದ್ದ. ಅಷ್ಟು ಹೊತ್ತು ನಕ್ಕದ್ದನ್ನು ಅವಳು ಎಂದೂ ಕಂಡಿರಲಿಲ್ಲ. ಭೂಮಿ ಬಾಯಿಬಿಟ್ಟರೆ ಸಾಕು ಅನ್ನಿಸಿತು.

ಮುಂದಿನ ಭಾನುವಾರ ಅವಳು ಅವನಿಗೆಂದೇ ಒಂದು ಡಬ್ಬಿ ತಂದಳು. ಮೇಷ್ಟ್ರು ರೇಣುಕಾಪ್ರಸಾದ್ ಎರಡು ಹೆಜ್ಜೆ ಹಿಂದೆ ಸರಿದ.

"ಇದು ತಿನ್ನಕ್ಕಾ, ಹೊಡೆಯಕ್ಕಾ?"

"ನಿಮ್ ನಡತೆ ನೋಡ್ಕೊಂಡು ಹೇಳ್ತೀನಿ."

ಹೀಗೆ ಎಂಟು ತಿಂಗಳು ಉರುಳಿದವು. ಇಬ್ಬರಿಗೂ ಮನಸ್ಸಿತ್ತು, ಇಬ್ಬರಿಗೂ ಬಾಯಿರಲಿಲ್ಲ. ಅವನಿಗೆ ಸಂಕೋಚ. ಅವಳಿಗೆ ಭಯ. ಕೊಬ್ಬರಿ ವ್ಯಾಪಾರಿಯಾಗಿದ್ದ ಅಪ್ಪ ಸದಾಶಿವಯ್ಯನಿಗೆ ಮಗಳ ಮದುವೆಗೆ ಮಗನೇ ಅಡ್ಡಿ. ಗಂಡಿನ ಕಡೆಯವರು ಬಂದಾಗಲೆಲ್ಲ ಮಾಲಿಂಗನನ್ನು ಹಿತ್ತಲ ಕೋಣೆಗೆ ತಳ್ಳಿ ಬೀಗ ಹಾಕಿಸುತ್ತಿದ್ದ. "ಇನ್ನೊಂದ್ ಸಲ ಬೀದೀಲಿ ಮರ್ಯಾದೆ ಕಳೆದ್ರೆ, ಆ ಬೀಗ ಯಾವತ್ತೂ ತೆಗ್ಯಲ್ಲ" ಎಂದಿದ್ದ. ಅಣ್ಣನನ್ನು ಕತ್ತಲಿಗೆ ತಳ್ಳಿ ತಾನು ಹಸೆಮಣೆ ಏರಲಾರೆ ಎಂದು ಸಿಂಚನಾ ಯಾವಾಗಲೋ ನಿಶ್ಚಯಿಸಿದ್ದಳು.

ಒಂದು ದಿನ ರೇಣುಕಾಪ್ರಸಾದ್ ಗುಬ್ಬಿಗೇ ಬಂದು ಮಾಲಿಂಗನನ್ನು ಮೊದಲ ಬಾರಿಗೆ ಹಗ್ಗ ಬಿಚ್ಚಿ ಓಡಿಸಿದ. ಸಂತೆಯ ದಿನ ಎಂಬುದು ಕುಣಿಗಲ್ಲಿನವನಿಗೆ ಗೊತ್ತಿರಲಿಲ್ಲ. ಮಾಲಿಂಗ ನೇರ ಸಂತೆಯೊಳಕ್ಕೆ ನುಗ್ಗಿದ. ಒಬ್ಬ ಹೆಂಗಸಿಗೆ ಡಿಕ್ಕಿ ಹೊಡೆದ, ಅವಳ ಕತ್ತಿನ ಸರ ಅವನ ಬೆರಳಿಗೆ ಸಿಕ್ಕಿಕೊಂಡು ಹರಿಯಿತು.

"ಸರ ಕಿತ್ಕೊಂಡ್ನಲ್ಲಪ್ಪೋ, ಹಿಡೀರ್ಲಾ!"

ಟಾರ್ಪಾಲಿಗೆ ಕಟ್ಟಿದ್ದ ಬಿದಿರ ಗಳಗಳನ್ನೇ ಕಿತ್ತರು. ಬೆನ್ನಿಗೆ, ತಲೆಗೆ, ಬಿದ್ದ ಮೇಲೆ ಮುಖಕ್ಕೆ. ರೇಣುಕಾಪ್ರಸಾದ್ ನುಗ್ಗಿ ಮಾಲಿಂಗನ ಮೇಲೆ ಬೋರಲು ಬಿದ್ದ. ಏಟೆಲ್ಲ ಅವನ ಮೇಲೆ ಬಿತ್ತು. ಎಡಗೈ ಮೂಳೆ ಲಟಕ್ಕೆಂದದ್ದು ಹಿಂದೆ ಓಡಿಬಂದ ಸಿಂಚನಾಳಿಗೂ ಕೇಳಿಸಿತು.

"ಯಾರ್ ಮಗ ಇವ್ನು? ಗೊತ್ತಿರೋರು ಯಾರಾರ ಇದೀರಾ?" ಎಂದು ಒಬ್ಬ ಕೂಗಿದ.

ಗುಂಪಿನ ನಡುವೆ ಸದಾಶಿವಯ್ಯ ನಿಂತಿದ್ದ. ಬಗಲಲ್ಲಿ ಕೊಡೆ. ನೆಲ ನೋಡಿದ. ತುಟಿ ಬಿಚ್ಚಲಿಲ್ಲ.

ಸಿಂಚನಾ ಗಳ ಎತ್ತಿದವನ ಮುಂಗೈಯನ್ನು ರಕ್ತ ಬರುವಂತೆ ಕಚ್ಚಿದಳು. "ನಮ್ಮಣ್ಣ ಕಣ್ರೋ... ಕಳ್ಳ ಅಲ್ಲ, ನಮ್ಮಣ್ಣ!"

ಆಗ ಗಳಗಳು ಕೆಳಗಿಳಿದವು. ಸಂಜೆಗೆ ಮಾಲಿಂಗನ ಕೋಣೆಗೆ ಬೀಗ ಬಿತ್ತು. ಐದು ಭಾನುವಾರ ಕಳೆದವು, ರೇಣುಕಾಪ್ರಸಾದ್ ಬರಲಿಲ್ಲ, ಫೋನೂ ಇಲ್ಲ. 'ಅವನೂ ಎಲ್ಲರ ಹಾಗೇ... ಏಟು ಬಿದ್ದ ಮೇಲೆ ನಮ್ಮ ಸಹವಾಸ ಬೇಡವಾಯಿತು' ಎಂದು ಅವಳು ಅತ್ತಳು. ಒಳಗಿನಿಂದ ಮಾಲಿಂಗ ಗೋಡೆಗೆ ತಲೆ ಚಚ್ಚುವ ಸದ್ದು ನಿಲ್ಲಲೇ ಇಲ್ಲ.

ಆರನೆಯ ಭಾನುವಾರ ಬೆಳಿಗ್ಗೆ ಅವಳು ಕಾಯಿ ಒಡೆಯುವ ಮಚ್ಚು ತಂದು ಬೀಗಕ್ಕೆ ಕೊಟ್ಟಳು. ಅಪ್ಪ ಕೆನ್ನೆಗೆ ಬಾರಿಸಿದ. ಮತ್ತೊಂದು ಬಾರಿಸಿದ. ಅವಳ ಕೈ ನಿಲ್ಲಲಿಲ್ಲ. ಬೀಗ ಬಿದ್ದ ಮೇಲೆ ಅಣ್ಣನ ಕೈ ಹಿಡಿದು ಕುಣಿಗಲ್ಲಿಗೆ ಹೊರಟಳು.

ವಿಚಾರಿಸಿಕೊಂಡು ಹೋದರೆ ಅವನು ಕೆರೆ ಏರಿಯ ಮೇಲೆ ಸಿಕ್ಕ. ಕೈಗೆ ಪ್ಲಾಸ್ಟರ್, ಗಡ್ಡ ಬೆಳೆದ ಮುಖ.

"ಏಟಿಗೆ ಹೆದ್ರಿದ್ರಾ ಮೇಷ್ಟ್ರೇ?"

"ಏಟಿಗಲ್ಲ. ಹಗ್ಗ ಬಿಚ್ಚಿದ್ದು ನಾನು. ಯಾವ್ ಮುಖ ಇಟ್ಕೊಂಡು ಬರ್ಲಿ?"

"ಬಿಚ್ಚಿದೋರು ನೀವೊಬ್ರೇ. ಮಿಕ್ಕೋರೆಲ್ಲ ಕಟ್ಟಿದೋರೇ" ಎಂದಳು. ಅವನ ಕಣ್ಣು ತುಂಬಿತು.

ಅಷ್ಟರಲ್ಲಿ ಮಾಲಿಂಗ ಓಡಿದ್ದ. ಏರಿಯ ಮೇಲೆ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದವನನ್ನು ಗುದ್ದಿ ಕೆಡವಿದ. ಅವನು ಎದ್ದವನೇ ಮಾಲಿಂಗನ ಕೊರಳಪಟ್ಟಿ ಹಿಡಿದು ಬಾಯಿಗೆ ಗುದ್ದಿದ, ಕುಡುಗೋಲು ಎತ್ತಿದ. ನಾಲ್ಕೈದು ಜನ ಸೇರಿದರು.

"ಯಾರ್ಲಾ ಇವ್ನು? ಯಾರ್ ಕಡೆಯೋನು?"

ಸಂತೆಯಲ್ಲಿ ಕೇಳಿದ ಅದೇ ಪ್ರಶ್ನೆ...

ರೇಣುಕಾಪ್ರಸಾದ್ ನುಗ್ಗಿ, ಸರಿಯಿದ್ದ ಒಂದೇ ಕೈಯಲ್ಲಿ ಕುಡುಗೋಲಿನ ಕೈ ಹಿಡಿದು ತಿರುಚಿದ. ಕುಡುಗೋಲು ಕೆಳಗೆ ಬಿತ್ತು. ಏರಿಗೆಲ್ಲ ಕೇಳುವಂತೆ ಹೇಳಿದ:

"ನಮ್ ಭಾವ. ನಾನ್ ಮದ್ವೆ ಆಗೋ ಹುಡ್ಗಿ ಅಣ್ಣ. ಇನ್ನೊಂದ್ ಏಟ್ ಹಾಕು ನೋಡಣ, ಈ ಕೈ ನಿನ್ ಜೊತೆ ಮನೆಗ್ ಬರಲ್ಲ."

ಹೊರೆಯವನು ಗೊಣಗುತ್ತ ಹುಲ್ಲು ಬಾಚಿಕೊಂಡ. ಜನ ಚದುರಿದರು. ಸಿಂಚನಾ ಇನ್ನೂ ನಿಂತಲ್ಲೇ ನಿಂತಿದ್ದಳು.

"ನನ್ನ ಕೇಳ್ದೇನೇ ಹೇಳ್ಬಿಟ್ರಲ್ಲ ಮೇಷ್ಟ್ರೇ..."

"ತಪ್ಪಾಯ್ತು. ಬಾಯಿಗೆ ಅದೇ ಬಂತು. ಈಗ ಕೇಳ್ಲಾ?"

"ಬ್ಯಾಡ. ಅಣ್ಣಂಗೆ ಇನ್ನೊಂದ್ ಸಲ ಹೇಳಿ. ನನ್ ಬಿಟ್ರೆ ಅವ್ನನ್ನ ಯಾರೂ ಹಂಗೆ ತಮ್ಮೋನು ಅಂದಿಲ್ಲ" ಎನ್ನುತ್ತಲೇ ಅವಳಿಗೆ ಅಳು ಒತ್ತರಿಸಿ ಬಂತು.

ಅವನು ಮಾಲಿಂಗನ ತುಟಿಯ ರಕ್ತವನ್ನು ತನ್ನ ಅಂಗಿಯ ಅಂಚಿನಿಂದ ಒರೆಸಿದ.

"ನಡೀರಿ ಭಾವ, ಮನೆಗ್ ಹೋಗಣ. ನಮ್ಮವ್ವ ಮುದ್ದೆ ಮಾಡವ್ಳೆ, ಮೂರ್ ಜನಕ್ಕೂ ಆಗುತ್ತೆ."